ಡ್ಯಾಮಿನ ಲೆಕ್ಕ ಪಂಚಾಯಿತಿ ಗೋಡೆಗೂ ಬರಲಿ

ಈ ಬೇಸಿಗೆ ತುಂಗಭದ್ರಾ ಎಡದಂಡೆ ನಾಲೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲ. 2025ರ ನವೆಂಬರ್‌ನಲ್ಲಿ ನೀರಾವರಿ ಸಲಹಾ ಸಮಿತಿ, ನಾವೆಲ್ಲ ಐಸಿಸಿ ಅನ್ನುವ ಸಮಿತಿ, ಬೆಂಗಳೂರಿನಲ್ಲಿ ಕೂತು ಇದನ್ನು ತೀರ್ಮಾನಿಸಿತು. ಡ್ಯಾಮಿನ 33 ಗೇಟುಗಳನ್ನೂ ಬದಲಿಸಬೇಕು, ಅದಕ್ಕೆ ನೀರು ಕೆಳಗಿಳಿಯಬೇಕು, ಆದ್ದರಿಂದ ಬೇಸಿಗೆ ನೆಲ್ಲು ಬೇಡ. ಸಿಂಧನೂರು, ಮಸ್ಕಿ, ಮಾನ್ವಿ, ಸಿರವಾರ, ಆ ಕಡೆ ಗಂಗಾವತಿ, ಕಾರಟಗಿ, ಎಲ್ಲರಿಗೂ ಒಂದೇ ಮಾತು.

ಗೇಟು ಬದಲಿಸಬಾರದು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವ ರೈತರನ್ನೂ ನಾವು ಕಂಡಿಲ್ಲ. 1953ರಿಂದ ನೀರಿನ ಭಾರ ಹೊತ್ತ ಕಬ್ಬಿಣ ಅದು. ತುಕ್ಕು ಹಿಡಿದಿದೆ, ಬದಲಿಸಲೇಬೇಕು. ನಮ್ಮ ತಕರಾರು ಇರುವುದು ಯಾವಾಗ ಬದಲಿಸಬೇಕು, ಯಾರನ್ನು ಕೇಳಿ ಬದಲಿಸಬೇಕು, ಅದರ ನಷ್ಟ ಯಾರ ತಲೆಗೆ ಕಟ್ಟಬೇಕು ಎನ್ನುವುದರಲ್ಲಿ. ಈ ಮೂರಕ್ಕೂ ಉತ್ತರ ನಾಲೆಯ ಕೆಳಗಿನವರನ್ನು ಬಿಟ್ಟೇ ಬರೆಯಲಾಗಿದೆ.

ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹೊಳೆಗೆ ಹೋಗುತ್ತಿತ್ತು. ಅದೊಂದರ ಮೇಲೆ ಒತ್ತಡ ಬೀಳದಿರಲಿ ಎಂದು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ವಾರದೊಳಗೆ ತಜ್ಞ ಕನ್ನಯ್ಯ ನಾಯ್ಡು ಅವರ ಉಸ್ತುವಾರಿಯಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಕಿಂಡಿ ಮುಚ್ಚಿದರು. ಆ ಕೆಲಸಗಾರರಿಗೆ ಎಷ್ಟು ನಮಸ್ಕಾರ ಹೇಳಿದರೂ ಕಡಿಮೆ. ಆಮೇಲೆ ಮಲೆನಾಡಿನಲ್ಲಿ ಮಳೆ ಹಿಡಿಯಿತು, ಡ್ಯಾಂ ಮತ್ತೆ ತುಂಬಿತು, ಎರಡೂ ಬೆಳೆಗೆ ನೀರು ಸಿಕ್ಕಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಸರ್ಕಾರಗಳೂ ಬಿಟ್ಟವು. ತಪ್ಪಾದದ್ದು ಅಲ್ಲೇ.

2025ರ ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ ಹೊಸ ಗೇಟು ಒಂದೂ ಬಂದಿರಲಿಲ್ಲ. ಮಳೆಗಾಲ ಬಂತು. 19ನೇ ಕಿಂಡಿಯಲ್ಲಿ ಇನ್ನೂ ಅದೇ ಸ್ಟಾಪ್‌ಲಾಗ್. ಗೇಟುಗಳಿಗೆ ಶಕ್ತಿ ಇಲ್ಲ, 80 ಟಿಎಂಸಿ ಸುತ್ತಮುತ್ತಲೇ ನಿಲ್ಲಿಸುತ್ತೇವೆ ಎಂದರು. ಆಗಸ್ಟ್‌ನಲ್ಲಿ ಇನ್ನೂ ಏಳು ಗೇಟುಗಳು ಮೇಲೇಳುತ್ತಿಲ್ಲ ಎಂಬ ಸುದ್ದಿ ಬಂತು. ನವೆಂಬರ್‌ನಲ್ಲಿ ಎರಡನೇ ಬೆಳೆ ಇಲ್ಲ ಎಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇಲ್ಲಿ ಆ ಬಾಗಿಲು ಹಾಕಲು 15 ತಿಂಗಳು ಹಿಡಿಯಿತು.

ಎಚ್ಚರಿಕೆ ಇರಲಿಲ್ಲ ಎನ್ನುವಂತೆಯೂ ಇಲ್ಲ. 2019ರ ಆಗಸ್ಟ್‌ನಲ್ಲೇ ಮುನಿರಾಬಾದ್‌ನಲ್ಲಿ ಎಡದಂಡೆ ಮೇಲ್ಮಟ್ಟದ ಕಾಲುವೆಯ ಗೇಟು ಕಿತ್ತು ಪಂಪಾವನದೊಳಗೆ ನೀರು ನುಗ್ಗಿತ್ತು. ಆಗ ಅದನ್ನು ಉದ್ಯಾನ ಮುಳುಗಿದ ಸುದ್ದಿಯಾಗಿ ಓದಿ ಮರೆತೆವು. ಪತ್ರಕರ್ತರೂ ಮರೆತರು ಎನ್ನುವುದನ್ನು ಸೇರಿಸಿಯೇ ಹೇಳುತ್ತಿದ್ದೇವೆ.

ಈಗ ಸ್ವಲ್ಪ ಲೆಕ್ಕ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 23 ಸಾವಿರ ಎಕರೆಯಲ್ಲಿ ಒಂದೊಂದು ಅಡಿ ನೀರು ನಿಲ್ಲಿಸಿದಷ್ಟು. ಒಂದು ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಡ್ಯಾಮಿನ ಈಗಿನ ಸಾಮರ್ಥ್ಯ 105.78 ಟಿಎಂಸಿ. ನಿಲ್ಲಿಸಿದ್ದು 80. ಮಧ್ಯದ 25 ಟಿಎಂಸಿ ಎಷ್ಟು ದೊಡ್ಡದು ಎಂದರೆ, ಎಡದಂಡೆ ನಾಲೆಗೆ ದಿನಕ್ಕೆ 4,000 ಕ್ಯೂಸೆಕ್‌ನಂತೆ ಬಿಟ್ಟರೆ 72 ದಿನ ಬರುತ್ತದೆ. ಅಷ್ಟೂ ನಮ್ಮದೇ ಅಲ್ಲ, ಬಲದಂಡೆಗೂ ಆಂಧ್ರ, ತೆಲಂಗಾಣಕ್ಕೂ ಪಾಲಿದೆ. ಕೃಷ್ಣಾ ನ್ಯಾಯಮಂಡಳಿ ಹಂಚಿದ ಪ್ರಕಾರ ಈ ಜಲಾಶಯದಿಂದ ಬಳಸಬೇಕಾದದ್ದು 212 ಟಿಎಂಸಿ: ಕರ್ನಾಟಕಕ್ಕೆ 138.99, ಆಂಧ್ರಕ್ಕೆ 66.5, ತೆಲಂಗಾಣಕ್ಕೆ 6.51. ಆವಿಯಾಗಿ ಹೋಗುವುದು 18 ಎಂದು ಬೇರೆ ಲೆಕ್ಕ. 105 ಹಿಡಿಯುವ ಕೊಡದಲ್ಲಿ 212 ಹೇಗೆ ಕೊಡುತ್ತಾರೆ ಎಂದು ಕೇಳಬಹುದು. ಮಳೆಗಾಲದಲ್ಲಿ ಒಂದು ಕಡೆ ನಾಲೆಗೆ ಬಿಡುತ್ತಾ ಇನ್ನೊಂದು ಕಡೆ ತುಂಬಿಕೊಳ್ಳುತ್ತಾರೆ. ಕೊನೆಗೆ ಮಳೆ ನಿಂತ ದಿನ ಕೊಡದಲ್ಲಿ ಎಷ್ಟಿದೆಯೋ ಅದೇ ಬೇಸಿಗೆಯ ಬೆಳೆ. ಹಾಗಾಗಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಡ್ಯಾಮಿನಲ್ಲಿ 105 ಇದೆಯೋ 80 ಇದೆಯೋ ಎನ್ನುವುದು ಸಿಂಧನೂರಿನವರಿಗೆ ಬರೀ ಅಂಕಿ ಅಲ್ಲ. ಮಗಳ ಮದುವೆ ಈ ವರ್ಷವೋ ಮುಂದಿನ ವರ್ಷವೋ ಎನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಇದೇ ತೀರ್ಮಾನವನ್ನು 2025ರ ಮೇ ತಿಂಗಳಲ್ಲಿ ಹೇಳಿದ್ದರೆ? ಕಳೆದ ಮಳೆಗಾಲಕ್ಕೇ ಒಂದಷ್ಟು ಜನ ನೆಲ್ಲು ಬಿಟ್ಟು ಹತ್ತಿ, ತೊಗರಿ ಹಾಕುತ್ತಿದ್ದರು. ನೆಲ್ಲನ್ನೇ ಹಾಕಿದವರು ಬೇಗ ಕೊಯ್ಲಿಗೆ ಬರುವ ತಳಿ ಹಾಕಿ, ಹಸಿ ಆರುವ ಮೊದಲೇ ಕಡಲೆ, ಜೋಳ ಬಿತ್ತುತ್ತಿದ್ದರು. ಲೀಸಿಗೆ ಹೊಲ ಹಿಡಿಯುವವರು ಒಂದೇ ಬೆಳೆಗೆ ತಕ್ಕ ಮಾತು ಆಡುತ್ತಿದ್ದರು. ಯುಗಾದಿ ಸುತ್ತಮುತ್ತ ಎರಡು ಬೆಳೆ ಲೆಕ್ಕದಲ್ಲಿ ಇಷ್ಟು ಚೀಲ ಎಂದು ಒಪ್ಪಿಕೊಂಡವನಿಗೆ ನವೆಂಬರ್‌ನಲ್ಲಿ ಒಂದೇ ಬೆಳೆ ಎಂದರೆ, ಅವನು ಯಾರ ಹತ್ತಿರ ಹೋಗಿ ಚೀಲ ಕಡಿಮೆ ಮಾಡಿ ಎನ್ನಬೇಕು? ಗೇಟಿನ ಕೆಲಸಕ್ಕೆ ಟೆಂಡರ್ ಬೇಕು, ಉಕ್ಕು ಬೇಕು, ತಜ್ಞರ ವರದಿ ಬೇಕು, ಅದೆಲ್ಲ ಒಂದು ದಿನದ ಮಾತಲ್ಲ. ಒಪ್ಪೋಣ. ಆದರೆ ಕೆಲಸ ಯಾವ ಬೇಸಿಗೆಯಲ್ಲಿ ಬರುತ್ತದೆ ಎನ್ನುವುದು ಆರು ತಿಂಗಳು ಮೊದಲೇ ಗೊತ್ತಾಗದಿದ್ದರೆ ಅದು ತಜ್ಞತೆಯ ಕೊರತೆಯಲ್ಲ, ಉದಾಸೀನ.

ಇದಕ್ಕೊಂದು ಕಾರಣ ವ್ಯವಸ್ಥೆಯಲ್ಲೇ ಇದೆ. ಡ್ಯಾಮಿನ ಕೀಲಿ ತುಂಗಭದ್ರಾ ಮಂಡಳಿಯ ಕೈಯಲ್ಲಿ. 1953ರಲ್ಲಿ ಆಂಧ್ರ ರಾಜ್ಯವಾದಾಗ ಹುಟ್ಟಿದ ಮಂಡಳಿ ಅದು, ಎಲ್ಲ ರಾಜ್ಯಗಳ ಒಪ್ಪಿಗೆ ಬೇಕು. ಎಡದಂಡೆ ನಾಲೆಯ ಕೀಲಿ ಕರ್ನಾಟಕ ನೀರಾವರಿ ನಿಗಮದ ಕೈಯಲ್ಲಿ. ನೀರು ಯಾವಾಗ ಬಿಡಬೇಕು ಎನ್ನುವುದು ಮಂತ್ರಿಗಳು, ಶಾಸಕರು ಕೂರುವ ಐಸಿಸಿ ಕೈಯಲ್ಲಿ. ಗೇಟು ಹೋದರೆ ಮಂಡಳಿ ಕಡೆ ಕೈ ತೋರಿಸುತ್ತಾರೆ, ಮಂಡಳಿಯವರು ರಾಜ್ಯಗಳ ಕಡೆ ತೋರಿಸುತ್ತಾರೆ. ನೀರು ಬಳಕೆದಾರರ ಸಹಕಾರ ಸಂಘಗಳು ಕಾಗದದ ಮೇಲೆ ನೂರಾರು ಇವೆ. ತೂಬಿನ ಬುಡದಲ್ಲಿ ಇರುವವನ ಹತ್ತಿರ ಮಾತ್ರ ಯಾವ ಕೀಲಿಯೂ ಇಲ್ಲ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಪ್ರತಿ ಬೇಸಿಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: ಕರೆಂಟ್ ತಯಾರಿಸಲು ಡ್ಯಾಂ ಖಾಲಿ ಮಾಡಿದರು ಅಂತ. ನಮ್ಮ ಡ್ಯಾಮಿನ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಮುನಿರಾಬಾದ್ ವಿದ್ಯುದಾಗಾರ 28 ಮೆಗಾವಾಟಿನದು. ಅದರ ಟರ್ಬೈನು ತಿರುಗಿಸಿದ ನೀರು ಎಲ್ಲೂ ಓಡಿಹೋಗುವುದಿಲ್ಲ, ಎಡದಂಡೆ ನಾಲೆಗೇ ಬೀಳುತ್ತದೆ. ನಾಲೆ ಬಂದಾದರೆ ಕರೆಂಟೂ ಬಂದ್. ಬಲದಂಡೆಯಲ್ಲಿ ಡ್ಯಾಮಿನ ಬುಡದಲ್ಲೊಂದು, ಹಂಪಿಯಲ್ಲೊಂದು, ಎರಡೂ ಸೇರಿ 72 ಮೆಗಾವಾಟ್. ಇಲ್ಲಿ ನೀರಾವರಿಯೇ ಯಜಮಾನ, ಕರೆಂಟು ಅದರ ಹಿಂದೆ ಬರುವುದು. ಲಿಂಗನಮಕ್ಕಿಯದು ಬೇರೆ ಕತೆ. ಅದನ್ನು ಕಟ್ಟಿದ್ದೇ ಕರೆಂಟಿಗೆ. ಯಾವ ತಿಂಗಳು ಎಷ್ಟು ನೀರು ಉಳಿಸಬೇಕು, ಏಪ್ರಿಲ್‌ನ ಬೇಡಿಕೆಗೆ ಎಷ್ಟು ಇಡಬೇಕು ಎಂದು ಅಲ್ಲಿ ಮೊದಲೇ ಲೆಕ್ಕ ಹಾಕಿ ಕೂರುತ್ತಾರೆ. ಯಾಕೆಂದರೆ ಆ ನೀರಿನ ಪ್ರತಿ ಅಡಿಯೂ ಯೂನಿಟ್ಟಾಗಿ, ಯೂನಿಟ್ಟು ರೂಪಾಯಿಯಾಗಿ ಕಾಣುತ್ತದೆ. ನಮ್ಮ ನೀರು ನೆಲ್ಲಿನ ಚೀಲವಾಗುತ್ತದೆ, ಕೂಲಿಯಾಗುತ್ತದೆ, ಮೇವಾಗುತ್ತದೆ. ಅದನ್ನು ಯಾರೂ ಮೀಟರ್ ಇಟ್ಟು ಅಳೆಯುವುದಿಲ್ಲ. ಕರೆಂಟಿನ ಜಲಾಶಯಕ್ಕೆ ಇರುವ ಶಿಸ್ತು ಅನ್ನದ ಜಲಾಶಯಕ್ಕೆ ಯಾಕಿಲ್ಲ ಎನ್ನುವುದೇ ನಮ್ಮ ಜಗಳ.

ನೀರು ನಿಜವಾಗಿ ಕಾಣೆಯಾಗುವುದು ಎಲ್ಲಿ? ನಾಲೆಯಲ್ಲಿ. ಇದನ್ನು ಬರೆದರೆ ನಮ್ಮ ಸಿಂಧನೂರಿನ ಕೆಲವು ಓದುಗರಿಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ಎಡದಂಡೆ ನಾಲೆ 227 ಕಿಲೋಮೀಟರ್ ಉದ್ದ, ಸುಮಾರು ಆರು ಲಕ್ಷ ಎಕರೆಗೆ ನೀರು ಕೊಡಬೇಕಾದದ್ದು. ಯೋಜನೆ ಮಾಡಿದವರು ಇದನ್ನು ನೆಲ್ಲಿಗೆಂದು ಮಾಡಲಿಲ್ಲ. ಬರ ಬೀಳುವ ಸೀಮೆಗೆ ಸ್ವಲ್ಪ ಸ್ವಲ್ಪ ನೀರು ಹಂಚಿ ಜೋಳ, ಹತ್ತಿ, ಶೇಂಗಾ ಉಳಿಸಬೇಕು ಎನ್ನುವುದು ಉದ್ದೇಶ. ನೆಲ್ಲಿಗೆ ಗುರುತು ಹಾಕಿದ್ದು ಸಣ್ಣ ಪಾಲು, ಉಳಿದದ್ದು ಅರೆ ನೀರಾವರಿ. ಆದದ್ದೇನು? ಮೇಲಿನ ಭಾಗದಲ್ಲಿ, ನಡುವಿನ ಭಾಗದಲ್ಲಿ ಅರೆ ನೀರಾವರಿ ಹೊಲಗಳೆಲ್ಲ ಗದ್ದೆಯಾದವು. ನಾಲೆ ಪಕ್ಕ ಅಕ್ರಮ ಪಂಪ್‌ಸೆಟ್ ಕೂತವು, ದಂಡೆಯ ಕೆಳಗೆ ಪೈಪು ತೂರಿದವು. ಮುನಿರಾಬಾದ್‌ನಲ್ಲಿ ನೀರು ಕರೆಂಟಾಗುತ್ತದೆ, ಅದೇ ಕರೆಂಟು ಮುಂದೆ ಪಂಪಿನಲ್ಲಿ ಅದೇ ನೀರನ್ನು ಕದಿಯುತ್ತದೆ. ಪೀಟರ್ ಮೊಲಿಂಗ ಎಂಬ ನೆದರ್ಲೆಂಡ್ಸ್‌ನ ಸಂಶೋಧಕ ಈ ನಾಲೆಯ ನೀರು ಹಂಚಿಕೆಯ ರಾಜಕೀಯದ ಮೇಲೆ ಒಂದು ದಪ್ಪ ಪುಸ್ತಕವನ್ನೇ ಬರೆದಿದ್ದಾರೆ. ಹೊರದೇಶದವರಿಗೆ ಕಂಡದ್ದು ನಮ್ಮ ಶಾಸಕರಿಗೆ ಕಾಣದೆ ಇರುತ್ತದೆಯೇ? ಕಾಣುತ್ತದೆ. ಮೇಲಿನ ಭಾಗದಲ್ಲಿ ಓಟು ಜಾಸ್ತಿ, ರೈಸ್‌ಮಿಲ್ಲು ಜಾಸ್ತಿ.

ಮೈಲ್ 104ರಲ್ಲಿ ಗೇಜ್ ನಿಲ್ಲುತ್ತಿಲ್ಲ ಎಂದು ಮಾನ್ವಿ, ಸಿರವಾರ, ರಾಯಚೂರು ಕಡೆಯವರು ಪ್ರತಿ ವರ್ಷ ರಸ್ತೆಗೆ ಇಳಿಯುತ್ತಾರೆ. ಜಿಲ್ಲಾಧಿಕಾರಿ ನಾಲೆಯ ಉದ್ದಕ್ಕೂ ನಿಷೇಧಾಜ್ಞೆ ಹಾಕಿ, ಪೊಲೀಸರನ್ನು ನಿಲ್ಲಿಸಿ ನೀರು ಮುಂದಕ್ಕೆ ಕಳಿಸಿದ ವರ್ಷಗಳಿವೆ. ಪೊಲೀಸ್ ಕಾವಲಿನಲ್ಲಿ ಹರಿಯುವ ನಾಲೆಗೆ ಹೊಸ ಗೇಟು ಕೂಡಿಸಿದರೂ ಕೆಳಭಾಗಕ್ಕೆ ಏನು ಬಂತು?

ಲಿಂಗಸುಗೂರಿಗೆ ಹೋಗೋಣ. ಅಲ್ಲಿ ಹೊಳೆ ಬೇರೆ, ಡ್ಯಾಂ ಬೇರೆ. ಕೃಷ್ಣೆಗೆ ಆಲಮಟ್ಟಿ, ಅದರ ಕೆಳಗೆ ನಾರಾಯಣಪುರದ ಬಸವಸಾಗರ. ಆಲಮಟ್ಟಿಯಲ್ಲಿ 123 ಟಿಎಂಸಿ, 290 ಮೆಗಾವಾಟಿನ ವಿದ್ಯುದಾಗಾರ. ಅಲ್ಲಿ ಟರ್ಬೈನು ದಾಟಿದ ನೀರು ಬಸವಸಾಗರಕ್ಕೆ ಬರುತ್ತದೆ, ಅದು ಹಿಡಿಯುವುದು 33 ಟಿಎಂಸಿ ಮಾತ್ರ. ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ಆಲಮಟ್ಟಿ ಬಿಡುತ್ತದೆ, ಆಲಮಟ್ಟಿ ಬಿಟ್ಟರೆ ಬಸವಸಾಗರ ಬಿಡಲೇಬೇಕು. ಲಕ್ಷ ಲೆಕ್ಕದಲ್ಲಿ ಕ್ಯೂಸೆಕ್ ಬಂದ ದಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಯರಗೋಡಿ, ಹಂಚಿನಾಳ, ಕಡದರಗಡ್ಡಿಯಂಥ ನಡುಗಡ್ಡೆ ಊರುಗಳಿಗೆ ಆಮೇಲೆ ಸುತ್ತುಹಾದಿಯೇ ಗತಿ. ಶಾಲೆ ತಪ್ಪುತ್ತದೆ, ಹೆರಿಗೆಗೆ ಲಿಂಗಸುಗೂರಿಗೆ ಬರುವುದು ತಪ್ಪುತ್ತದೆ. ಎಷ್ಟು ಕ್ಯೂಸೆಕ್ ಬಂದರೆ ಸೇತುವೆ ಮುಳುಗುತ್ತದೆ ಎಂದು ಆ ಊರಿನ ಚಿಕ್ಕ ಹುಡುಗರಿಗೂ ಬಾಯಿಪಾಠ. ಎತ್ತರದ ಸೇತುವೆಯ ಮಾತು ಮಾತ್ರ ಪ್ರತಿ ಪ್ರವಾಹಕ್ಕೆ ಬಂದು ನೀರಿಳಿದಂತೆ ಇಳಿಯುತ್ತದೆ. ಬೇಸಿಗೆ ಬಂದರೆ ಅದೇ ಹೊಳೆಯಿಂದ 1,720 ಮೆಗಾವಾಟಿನ ಶಕ್ತಿನಗರದ ಶಾಖೋತ್ಪನ್ನ ಘಟಕಕ್ಕೆ ನೀರು ಬೇಕು, ಕುಡಿಯಲು ಬೇಕು, ಬಲದಂಡೆ ಕಾಲುವೆಗೆ ಬೇಕು. ಕಾಲುವೆಯಲ್ಲಿ ಚಾಲು-ಬಂದ್ ಪದ್ಧತಿ. ಕರೆಂಟಿಗೂ ಹೊಲಕ್ಕೂ ಜಗಳ ಬರಬಹುದಾದದ್ದು ಈ ಹೊಳೆಯಲ್ಲಿ. ಅಲ್ಲೂ ಹಂಚಿಕೆಯ ಕಾಗದ ರೈತರ ಕಣ್ಣಿಗೆ ಬೀಳುವುದಿಲ್ಲ.

ಮಸ್ಕಿಯವರ ಪಾಡು ಇವೆರಡರ ನಡುವಿನದು. ಒಂದು ಕಡೆ ತುಂಗಭದ್ರೆಯ ನಾಲೆ ತಾಲ್ಲೂಕಿನ ಒಂದು ಭಾಗವನ್ನು ಮುಟ್ಟಿ ಹೋಗುತ್ತದೆ, ಇನ್ನೊಂದು ಕಡೆ ನಾರಾಯಣಪುರ ಬಲದಂಡೆ. ಇವೆರಡರ ಸಂದಿಯಲ್ಲಿ ಸಿಕ್ಕವರಿಗೆ ಎರಡೂ ಇಲ್ಲ. 5ಎ ಕಾಲುವೆ ಬೇಕು ಎಂದು ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತರು. ಬದಲಿಗೆ ನಂದವಾಡಗಿ ಏತ ನೀರಾವರಿ ತಗೊಳ್ಳಿ ಎಂದರು, ಹರಿ ನೀರು ಬೇಕೆಂದು ಕೂತವರು ಅದನ್ನು ಒಪ್ಪಲಿಲ್ಲ. 2021ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಆ ಕಾಲುವೆಯ ಹೆಸರು ಹೇಳದ ಭಾಷಣವೇ ಇರಲಿಲ್ಲ. ಅಶೋಕನ ಶಾಸನ ಸಿಕ್ಕ ಊರು ಮಸ್ಕಿ. ಬಂಡೆಯ ಮೇಲೆ ಬರೆದದ್ದು ಎರಡು ಸಾವಿರ ವರ್ಷ ದಾಟಿಯೂ ಓದಲು ಬರುತ್ತದೆ, ಮೈಕಿನಲ್ಲಿ ಹೇಳಿದ್ದು ಎಣಿಕೆ ಮುಗಿಯುವ ತನಕವೂ ಉಳಿಯಲಿಲ್ಲ.

ಇನ್ನು ಹೂಳು. ಕಟ್ಟಿದಾಗ ತುಂಗಭದ್ರಾ ಜಲಾಶಯ ಹಿಡಿಯುತ್ತಿದ್ದದ್ದು 132 ಟಿಎಂಸಿ ಮೇಲೆ. ಸುಮಾರು 27 ಟಿಎಂಸಿ ಜಾಗ ಮಣ್ಣು ತುಂಬಿಕೊಂಡಿದೆ. ಹೂಳು ತೆಗೆಯಿರಿ ಎನ್ನುವುದು ಎಲ್ಲ ಪಕ್ಷದವರ ಮೆಚ್ಚಿನ ಘೋಷಣೆ, ರೈತರೇ ಹೂಳಿನ ಜಾತ್ರೆ ಮಾಡಿದ್ದೂ ಉಂಟು. ಲೆಕ್ಕ ಹಾಕಿದರೆ 75 ಕೋಟಿ ಘನ ಮೀಟರ್ ಮಣ್ಣು ಅದು. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ಎಂದುಕೊಳ್ಳಿ, ದಿನಕ್ಕೆ ಸಾವಿರ ಟಿಪ್ಪರ್, ಭಾನುವಾರವೂ ರಜೆ ಇಲ್ಲ. ಮುಗಿಯಲು 200 ವರ್ಷ ಬೇಕು. ಮಣ್ಣು ಎಲ್ಲಿ ಸುರಿಯುತ್ತೀರಿ ಎಂದು ಕೇಳಲೇ ಇಲ್ಲ ಇನ್ನೂ. ಹೂಳಿನ ಮಾತಾಡುವವರು ಈ ಲೆಕ್ಕ ಹೇಳಿ ಮಾತಾಡಲಿ.

ಅದಕ್ಕೇ ನವಲಿ ಬಂತು. ಕನಕಗಿರಿ ಸೀಮೆಯ ನವಲಿಯ ಹತ್ತಿರ ಸಮಾನಾಂತರ ಜಲಾಶಯ ಕಟ್ಟಿ, ಹೊಳೆಗೆ ಹರಿದುಹೋಗುವ 30 ಟಿಎಂಸಿಯಷ್ಟು ನೀರು ಹಿಡಿಯುವುದು. 2022ರ ಬಜೆಟ್‌ನಲ್ಲಿ ಸಾವಿರ ಕೋಟಿ ಎಂದು ಓದಿದರು. ಯೋಚನೆ ಕೆಟ್ಟದ್ದಲ್ಲ. ಆದರೆ ಮುಳುಗುವ ಊರುಗಳಿವೆ, ಆಂಧ್ರ, ತೆಲಂಗಾಣ ಒಪ್ಪಬೇಕು, ಸಾವಿರಾರು ಕೋಟಿ ಬೇಕು. ಇರುವ ಡ್ಯಾಮಿನ ಚೈನಿಗೆ ಸಮಯಕ್ಕೆ ಕಾವಲು ಕೊಡಲಾಗದವರು ಇನ್ನೊಂದು ಡ್ಯಾಂ ಕಟ್ಟುತ್ತೇವೆ ಎಂದಾಗ ನಾವು ಹೂಮಾಲೆ ಹಿಡಿದು ನಿಲ್ಲಬೇಕಾಗಿಲ್ಲ. ಈ ವರ್ಷ ಕೈಬಿಟ್ಟ 25 ಟಿಎಂಸಿಯೂ ನವಲಿಯ 30 ಟಿಎಂಸಿಯೂ ಹೆಚ್ಚುಕಮ್ಮಿ ಒಂದೇ ಅಳತೆ. ಒಂದನ್ನು ಗೇಟಿನ ದುರಸ್ತಿಯಿಂದ ಉಳಿಸಬಹುದಿತ್ತು.

ಪರಿಹಾರದ ಮಾತಿಗೆ ಬರೋಣ, ಇದು ಈಗಲೇ ಆಗಬೇಕಾದದ್ದು. ಎಕರೆಗೆ 25 ಸಾವಿರ ಕೊಡಿ ಎನ್ನುವ ಬೇಡಿಕೆ ಎದ್ದಿದೆ. ಕೊಡಲಿ. ಆದರೆ ಯಾರಿಗೆ? ಪಹಣಿ ನೋಡಿ ಕೊಟ್ಟರೆ ಹಣ ಹೋಗುವುದು ಹೊಲದ ಹೆಸರಿರುವವರ ಖಾತೆಗೆ. ಅವರಲ್ಲಿ ಎಷ್ಟೋ ಜನ ಊರಲ್ಲೇ ಇಲ್ಲ. ಗದ್ದೆಯಲ್ಲಿ ಕಾಲಿಟ್ಟು ಸಾಲ ಮಾಡಿದವನು ಲೀಸಿನವನು, ಅವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ, ಎಲ್ಲ ಬಾಯಿ ಮಾತು. ಅವನ ಕೆಳಗೆ ನಾಟಿ ಹಚ್ಚುವ ಹೆಣ್ಣುಮಕ್ಕಳು. ಬೇಸಿಗೆ ಬೆಳೆಯ ನಾಟಿ, ಕಳೆ, ಕೊಯ್ಲು ಎಲ್ಲ ಹೋಯಿತು ಎಂದರೆ ಅವರ ಕೈಗೆ ತಿಂಗಳುಗಟ್ಟಲೆ ಕೆಲಸ ಇಲ್ಲ. ಗುಳೆ ಹೋಗುವವರ ಬಸ್ಸು ಹತ್ತುವವರು ಇವರೇ. ನೀರಿಲ್ಲದ ಹಂಗಾಮಿನಲ್ಲಿ ಉದ್ಯೋಗ ಖಾತ್ರಿ ಕೆಲಸವನ್ನು ನಾಲೆ ಕೆಳಗಿನ ಪಂಚಾಯಿತಿಗಳಲ್ಲಿ ಕೇಳಿದವರಿಗೆಲ್ಲ ಕೊಡಬೇಕು, ಹೂಳು ತುಂಬಿದ ಹೊಲಗಾಲುವೆ ತೆಗೆಯುವ ಕೆಲಸವನ್ನೇ ಕೊಡಬೇಕು. ನಾಲೆ ಒಣಗಿರುವ ಇಷ್ಟು ಉದ್ದದ ಬಿಡುವು ಮತ್ತೆ ಯಾವಾಗ ಸಿಗುತ್ತದೋ. ಲೀಸಿನವರ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿ ಬರೆಯಲಿ. ಯಾರು ಯಾರ ಹೊಲ ಮಾಡುತ್ತಾರೆ ಎನ್ನುವುದು ಊರಿಗೆ ಗೊತ್ತಿರದ ಗುಟ್ಟಲ್ಲ.

ಇನ್ನೊಂದು ಬೇಡಿಕೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ಡ್ಯಾಮಿನ ಮಟ್ಟ, ಒಳಹರಿವು, ಹೊರಹರಿವು ಈಗ ಪ್ರತಿ ಬೆಳಗ್ಗೆ ಎಲ್ಲರ ಮೊಬೈಲಿಗೂ ಬರುತ್ತದೆ. ಅದು ಡ್ಯಾಮಿನ ಬಾಗಿಲ ತನಕದ ಲೆಕ್ಕ. ಬಾಗಿಲಿನಿಂದ ನಮ್ಮ ತೂಬಿನ ತನಕದ ಲೆಕ್ಕ ಎಲ್ಲಿದೆ? ನಾಲೆಯ ಗೇಜುಗಳನ್ನು ಸಿಬ್ಬಂದಿ ದಿನವೂ ಓದಿ ಬರೆಯುತ್ತಾರೆ, ಬರೆದದ್ದು ಕಚೇರಿಯಲ್ಲೇ ಉಳಿಯುತ್ತದೆ. ಮೈಲ್ 69ರಲ್ಲಿ ಎಷ್ಟು, 104ರಲ್ಲಿ ಎಷ್ಟು, ಯಾವ ಉಪಕಾಲುವೆಗೆ ಇವತ್ತು ಎಷ್ಟು ಕ್ಯೂಸೆಕ್ ಹೋಯಿತು, ಹೋಗಬೇಕಾದದ್ದು ಎಷ್ಟು ಎಂದು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಲಿ, ಅದೇ ಫೋಟೊ ಗ್ರೂಪಿಗೆ ಹಾಕಲಿ. ಐಸಿಸಿ ಸಭೆ ಮುಂಗಾರಿಗೆ ಮೊದಲೊಂದು, ಸೆಪ್ಟೆಂಬರ್‌ನಲ್ಲೊಂದು ನಡೆಯಲಿ, ಬೆಂಗಳೂರಿನ ಕೋಣೆಯಲ್ಲಿ ಬೇಡ, ಮುನಿರಾಬಾದ್‌ನಲ್ಲೋ ಸಿಂಧನೂರಿನಲ್ಲೋ, ಕೆಳಭಾಗದ ನೀರು ಬಳಕೆದಾರರ ಸಂಘದವರೂ ಕುರ್ಚಿ ಹಾಕಿಕೊಂಡು ಕೂರುವಂತೆ.

ಕೊಡುವುದಿಲ್ಲ ಎಂದರೆ ಕೇಳಿ ಪಡೆಯಬಹುದು. ಇಂಥ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಹತ್ತು ರೂಪಾಯಿ ಶುಲ್ಕ, ಒಂದು ಹಾಳೆ. ಮುನಿರಾಬಾದ್‌ನ ನೀರಾವರಿ ಕೇಂದ್ರ ವಲಯ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ: ಕಳೆದ ಮುಂಗಾರು ಹಂಗಾಮಿನಲ್ಲಿ ನಮ್ಮ ಉಪಕಾಲುವೆಗೆ ದಿನವಾರು ಬಿಟ್ಟ ನೀರು ಎಷ್ಟು, ನಿಗದಿಯಾದದ್ದು ಎಷ್ಟು, ಗೇಜ್ ಪುಸ್ತಕದ ಪ್ರತಿ ಕೊಡಿ. ಉಪಕಾಲುವೆಯ ನಂಬರು ಮರೆಯದೆ ಹಾಕಿ. 30 ದಿನದೊಳಗೆ ಉತ್ತರ ಬರಬೇಕು. ಬಂದ ಹಾಳೆಯ ಫೋಟೊ ನಮಗೂ ಕಳಿಸಿ. ಮೇಲಿನ ಭಾಗದ್ದೂ ಕೆಳಭಾಗದ್ದೂ ಪಕ್ಕಪಕ್ಕ ಇಟ್ಟು ಇಲ್ಲೇ ಹಾಕುತ್ತೇವೆ.